ಹಳೇ ಮ್ಯಾಸ್ಸಿ 1035: ಎಂಜಿನ್ ಕೆಲಸಕ್ಕೆ ಯಾವ ಕಿಟ್ ತಗೊಳ್ಳೋದು?

ಪಾಂಡವಪುರ ಗದ್ದೆ:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ ಕಾಲದ ಮ್ಯಾಸ್ಸಿ 1035 ಟ್ರಾಕ್ಟರ್ ಇದೆ. ಎಂಜಿನ್ ಪ್ಲೇಟ್‌ನಲ್ಲಿ ಸಿಂಪ್ಸನ್, 3.152 ಅನ್ನುವಷ್ಟು ಓದಲು ಬರುತ್ತೆ, ಉಳಿದದ್ದರ ಮೇಲೆ ಗ್ರೀಸ್ ಮೆತ್ತಿಕೊಂಡಿದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತೆ. ಲೋಡ್ ಬಿದ್ದರೆ ನೀಲಿ ಹೊಗೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್‌ನಿಂದಲೂ ಬುಸುಬುಸು ಅಂತ ಹೊಗೆ, ಆಯಿಲ್ ಬೇರೆ ಕುಡಿಯುತ್ತೆ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಗದ್ದೆಗೆ ಇಳಿಸಿದರೆ ಮೊದಲಿನ ದಮ್ಮು ಇಲ್ಲ.

ಮೆಕ್ಯಾನಿಕ್ ಹಾಫ್ ಎಂಜಿನ್ ಮಾಡಿದರೆ, ಅಂದರೆ ಮೇಲಿನ ಪಿಸ್ಟನ್ ಕಡೆ ಮಾತ್ರ ಹೊಸದು ಮಾಡಿದರೆ ಸಾಕು ಅಂತಾರೆ. ಭಾವ ಕೆಳಗಿನ ಬೇರಿಂಗ್ ಕೂಡ ಸೇರಿರುವ ಫುಲ್ ಕಿಟ್ ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತೆ, ತರಿಸಿಬಿಡು ಅಂತಾರೆ. ಮಂಡ್ಯದಲ್ಲಿ ಅಂಗಡಿಯವರು ಮೂರು ಥರದ ಕಿಟ್ ತೋರಿಸಿದರು, ರೇಟಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಕಬ್ಬು ಹೊಡೆಯೋದು ಶುರುವಾಗುವ ಮುಂಚೆ ಗಾಡಿ ರೆಡಿ ಆಗಬೇಕು. ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಲೇತ್ ಕೆಲಸ, ಮಂಡ್ಯ:
ಅಣ್ಣ, ಕಿಟ್ ಇನ್ನೂ ತಗೋಬೇಡಿ. ಮೊದಲು ಎಂಜಿನ್ ಬಿಚ್ಚಿಸಿ, ಬ್ಲಾಕು (ಸಿಲಿಂಡರ್ ಇರುವ ಎಂಜಿನ್ ಮೈ), ಕ್ರ್ಯಾಂಕು (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಎರಡನ್ನೂ ಅಳತೆ ಮಾಡಿಸಿ. ಅಳತೆ ಇಲ್ಲದೆ ಕಿಟ್ ತರೋದು ಕಾಲು ಮನೆಯಲ್ಲಿ ಬಿಟ್ಟು ಚಪ್ಪಲಿ ತರಲು ಹೋದ ಹಾಗೆ.

3.152 ಅಂದರೆ ಮೂರು ಸಿಲಿಂಡರ್, 152 ಘನ ಇಂಚು, ಸುಮಾರು 2.5 ಲೀಟರ್. ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಡಿಸೈನ್. ಬೋರ್ (ಸಿಲಿಂಡರ್ ಒಳಗಿನ ಅಗಲ) 3.6 ಇಂಚು, ಅಂದರೆ 91.4 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 5 ಇಂಚು. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಇದರಲ್ಲಿ ಇರೋದು ಡ್ರೈ ಲೈನರ್. ನೀರು ಲೈನರ್‌ಗೆ ನೇರವಾಗಿ ತಾಗಲ್ಲ, ಬಿಸಿಯೆಲ್ಲ ಬ್ಲಾಕಿನ ಗೋಡೆ ಮೂಲಕವೇ ನೀರಿಗೆ ಹೋಗಬೇಕು. ಅದಕ್ಕೇ ಲೈನರ್ ಬ್ಲಾಕಿಗೆ ಪೂರ್ತಿ ಅಂಟಿ ಕೂರಬೇಕು. ಮಧ್ಯೆ ತುಕ್ಕೋ ಕಸವೋ ಉಳಿದರೆ ಆ ಜಾಗ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತೆ.

ಲೈನರ್‌ನಲ್ಲಿ ಎರಡು ಥರ. ಫಿನಿಶ್ ಲೈನರ್ ಹಾಗೇ ಇಳಿಸಿ ಕೂರಿಸೋದು. ಸೆಮಿ ಫಿನಿಶ್ ಆದರೆ ಪ್ರೆಸ್‌ನಲ್ಲಿ ಹಾಕಿ, ಆಮೇಲೆ ಒಳಗೆ ಕೊರೆದು ಸೈಜಿಗೆ ತಂದು (ಬೋರ್ ಮಾಡಿ), ಕಲ್ಲಿನಲ್ಲಿ ಉಜ್ಜಿ ಹೋನಿಂಗ್ ಮಾಡಬೇಕು. ನನ್ನ ಪ್ರಕಾರ ಹಳೇ ಬ್ಲಾಕಿಗೆ ಸೆಮಿ ಫಿನಿಶ್ಶೇ ವಾಸಿ. ಬ್ಲಾಕಿನ ತೂತು ಇಷ್ಟು ವರ್ಷದಲ್ಲಿ ಸ್ವಲ್ಪ ಅಂಡಾಕಾರ ಆಗಿರುತ್ತೆ, ಫಿನಿಶ್ ಲೈನರ್ ಹಾಕಿದರೆ ಅದೂ ಹಾಗೇ ಕೂರುತ್ತೆ, ಹೊಸ ರಿಂಗ್ ಹಾಕಿಯೂ ಆಯಿಲ್ ಕುಡಿಯೋದು ನಿಲ್ಲಲ್ಲ. ಲೇತ್ ಖರ್ಚು ಉಳಿಯುತ್ತೆ ಅಂತ ಸುಮಾರು ಜನ ಫಿನಿಶ್ ತರ್ತಾರೆ. ಬ್ಲಾಕ್ ನೆಟ್ಟಗಿದ್ದರೆ ಅದೂ ತಪ್ಪಲ್ಲ, ಆದರೆ ನೆಟ್ಟಗಿದೆಯಾ ಅಂತ ಬೋರ್ ಗೇಜ್ ಹೇಳಬೇಕು, ಕಣ್ಣಳತೆ ಸಾಲದು.

ಹಾಫೋ ಫುಲ್ಲೋ ಅನ್ನೋದು ಕ್ರ್ಯಾಂಕ್ ಮೇಲೆ ಹೋಗುತ್ತೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಎಲ್ಲಿಗೆ ಬರುತ್ತೆ ನೋಡಿ. ಪೂರ್ತಿ ಕೆಳಗೆ ಬಿದ್ದರೆ ಹಾಫ್ ಎಂಜಿನ್ ಮಾಡಿಸೋದು ದುಡ್ಡು ದಂಡ. ಮೇಲೆ ಹೊಸ ಪಿಸ್ಟನ್ ಬಂದು ಕಂಪ್ರೆಶನ್ ಜಾಸ್ತಿ ಆಗುತ್ತೆ, ಆ ಹೊಡೆತವನ್ನೆಲ್ಲ ಕೆಳಗಿನ ಸವೆದ ಬೇರಿಂಗ್ ತಾಳಬೇಕಲ್ವಾ?

ಕೆ.ಆರ್. ಪೇಟೆ ರೈತ:
ಲೇತ್ ಅಣ್ಣ ಹೇಳಿದ್ದು ಸರಿ. ಮೇಕ್ ಬಗ್ಗೆ ನಾನು ಹೇಳ್ತೀನಿ. ಸಿಂಪ್ಸನ್, ಮ್ಯಾಸ್ಸಿ ಮಾಡುವ ಟ್ಯಾಫೆ, ಇಂಡಿಯಾ ಪಿಸ್ಟನ್ಸ್, ಬೈಮೆಟಲ್ ಬೇರಿಂಗ್ಸ್ ಎಲ್ಲಾ ಚೆನ್ನೈನ ಅಮಾಲ್ಗಮೇಷನ್ಸ್ ಗುಂಪಿನವೇ. ಹಾಗಾಗಿ ಈ ಎಂಜಿನ್‌ಗೆ ಪಿಸ್ಟನ್ ಇಂಡಿಯಾ ಪಿಸ್ಟನ್ಸ್, ಬೇರಿಂಗ್ ಬೈಮೆಟಲ್ ಅಂತ ಬೇರೆ ಬೇರೆ ಕೇಳಿ ತಗೊಂಡರೆ ನೆಮ್ಮದಿ. ಗೊಯೆಟ್ಜೆ, ಉಷಾ ಕೂಡ ಒಳ್ಳೆಯವೇ.

ಎಲ್ಲಾ ಒಂದೇ ಡಬ್ಬದಲ್ಲಿ ಬರುವ ಹೆಸರಿಲ್ಲದ ಫುಲ್ ಕಿಟ್ ಮಾತ್ರ ಬೇಡ. ಅದರಲ್ಲಿ ಪಿಸ್ಟನ್ ಒಂದು ಕಡೆಯದು, ರಿಂಗ್ ಇನ್ನೊಂದು ಕಡೆಯದು, ಗ್ಯಾಸ್ಕೆಟ್ ಎಲ್ಲಿಯದೋ. ಒಂದು ಕೆಟ್ಟರೂ ಮತ್ತೆ ಎಂಜಿನ್ ಬಿಚ್ಚಬೇಕು, ಆ ಕೂಲಿ ಕಿಟ್ಟಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ. ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಸೈಜ್ ತಪ್ಪಿದರೆ ವಾಪಸ್ ತಗೋತೀರಾ ಅಂತ ಮೊದಲೇ ಕೇಳಿ.

ಪಾಂಡವಪುರ ಗದ್ದೆ:
ತುಂಬಾ ಉಪಕಾರ ಆಯ್ತು. ಎಂಜಿನ್ ಬಿಚ್ಚಿಸಿದೆ. ಹಳೇ ಬೇರಿಂಗ್‌ನ ಬೆನ್ನ ಮೇಲೆ 010 ಅಂತ ಇದೆ. ಕ್ರ್ಯಾಂಕಿನ ಮೂರನೇ ಬಿಗ್ ಎಂಡ್ (ಪಿಸ್ಟನ್ ರಾಡ್ ಕೂರುವ ಜಾಗ) ಮೇಲೆ ಉಗುರು ಆಡಿಸಿದರೆ ಗೀರು ಸಿಕ್ಕಿಕೊಳ್ಳುತ್ತೆ. ಮೆಕ್ಯಾನಿಕ್ ಎಮರಿ ಪೇಪರ್‌ನಲ್ಲಿ ಉಜ್ಜಿ 010 ಬೇರಿಂಗೇ ಹಾಕೋಣ ಅಂತಿದ್ದಾರೆ. ಏನು ಮಾಡಲಿ?

ಲೇತ್ ಕೆಲಸ, ಮಂಡ್ಯ:
ಬೇಡ. ಉಗುರಿಗೆ ಸಿಕ್ಕುವ ಗೀರು ಎಮರಿಯಲ್ಲಿ ಹೋಗಲ್ಲ, ಉಜ್ಜಿದಷ್ಟೂ ಜರ್ನಲ್ (ಬೇರಿಂಗ್ ಹಿಡಿಯುವ ಕ್ರ್ಯಾಂಕಿನ ಭಾಗ) ದುಂಡಗೆ ಉಳಿಯಲ್ಲ. 010 ಅಂದರೆ ಒಂದು ಸಲ ಆಗಲೇ 10 ಥೌ (ಇಂಚಿನ ಸಾವಿರದಲ್ಲಿ ಹತ್ತು ಭಾಗ), ಅಂದರೆ 0.25 ಮಿ.ಮೀ. ಗ್ರೈಂಡಿಂಗ್ ಆಗಿದೆ. ಈಗ 020ಗೆ ಹೊಡೆಸಿ. ಅದರ ಮೇಲೆ 030 ಇನ್ನೂ ಇದೆ, ಹೆದರಬೇಡಿ. ಬಿಗ್ ಎಂಡ್ ಮೂರನ್ನೂ ಒಂದೇ ಸೈಜಿಗೆ ತನ್ನಿ. ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಮೇನ್ ಜರ್ನಲ್‌ಗಳನ್ನ ಎರಡು ದಿಕ್ಕಿನಲ್ಲೂ ಮೈಕ್ರೋಮೀಟರ್ ಹಿಡಿದು ನೋಡಲಿ, ದುಂಡಗಿದ್ದರೆ ಅವನ್ನ ಸುಮ್ನೆ ಮುಟ್ಟೋದು ಬೇಡ. ಗ್ರೈಂಡಿಂಗ್ ಮುಗಿದ ಮೇಲೆ ಕ್ರ್ಯಾಂಕಿನ ಆಯಿಲ್ ತೂತುಗಳನ್ನ ಡೀಸೆಲ್ ಹಾಕಿ ತೊಳೆದು ಗಾಳಿ ಹೊಡೆಸಿ. ಅಲ್ಲಿ ಉಳಿದ ಪುಡಿ ಹೊಸ ಬೇರಿಂಗನ್ನ ಮೊದಲ ದಿನವೇ ತಿನ್ನುತ್ತೆ.

ಇನ್ನೆರಡು ವಿಷಯ. ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಹಳೇ ಎಂಜಿನ್‌ಗಳಲ್ಲಿ ಹಗ್ಗದ ಥರದ್ದು, ಆಮೇಲಿನವಕ್ಕೆ ರಬ್ಬರ್ ಲಿಪ್ ಸೀಲ್. ಗ್ಯಾಸ್ಕೆಟ್ ಸೆಟ್ ತರುವ ಮುಂಚೆ ನಿಮ್ಮದರಲ್ಲಿ ಯಾವುದಿದೆ ನೋಡಿ, ಫೋಟೋ ಹಿಡಿದುಕೊಂಡು ಹೋಗಿ. ಪ್ಲೇಟಿನ ಗ್ರೀಸ್ ಒರೆಸಿ ಪೂರ್ತಿ ಎಂಜಿನ್ ನಂಬರನ್ನೂ ಬರೆದುಕೊಳ್ಳಿ. ಇನ್ನು ಪಿಸ್ಟನ್ ಹಾಕಿದ ಮೇಲೆ, ಅದು ಪೂರ್ತಿ ಮೇಲೆ ಬಂದಾಗ ಬ್ಲಾಕಿನ ಮಟ್ಟಕ್ಕೆ ಎಷ್ಟಿದೆ ಅಂತ ಮೂರೂ ಸಿಲಿಂಡರ್‌ನಲ್ಲಿ ಅಳೆದು ಮ್ಯಾನ್ಯುಯಲ್‌ಗೆ ತಾಳೆ ನೋಡಬೇಕು. ಈ ಎಂಜಿನ್‌ನಲ್ಲಿ ಪಿಸ್ಟನ್‌ಗೂ ಹೆಡ್‌ಗೂ ನಡುವೆ ಜಾಗ ಬಹಳ ಕಮ್ಮಿ. ಜಾಸ್ತಿ ಮೇಲೆ ಬಂದರೆ ಹೆಡ್‌ಗೆ ತಾಗುತ್ತೆ, ಕೆಳಗೆ ಉಳಿದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಹಾಗೇ ಇರುತ್ತೆ.

ಮಳವಳ್ಳಿ ಟ್ರಾಕ್ಟರ್:
ಯಾರೂ ಏರ್ ಕ್ಲೀನರ್ ಬಗ್ಗೆ ಹೇಳಲಿಲ್ಲ. ಬೋರ್ ಸವೆಯಲು ಮುಖ್ಯ ಕಾರಣವೇ ಧೂಳು. ಕಬ್ಬಿನ ಟ್ರೈಲರ್ ಕಟ್ಟಿಕೊಂಡು ಬೇಸಿಗೆಯಲ್ಲಿ ನಾಲೆ ಏರಿ ಮೇಲೆ ಹೋಗುವಾಗ ಎದ್ದ ಧೂಳೆಲ್ಲ ಎಂಜಿನ್ ಒಳಗೇ ಎಳೆದುಕೊಳ್ಳುತ್ತೆ. ಏರ್ ಕ್ಲೀನರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸ್ ಬಗ್ಗಿಸಿ ನೋಡಿ, ಸೀಳಿದ್ದರೆ ಹೊಸದು ಹಾಕಿ, ಕ್ಲಿಪ್ ಕೂಡ ಬದಲಾಯಿಸಿ. ಧೂಳು ಹಿಡಿಯುವ ಆಯಿಲ್ ಬಾತ್ ಬಟ್ಟಲು ತೊಳೆದು ಗುರುತಿನ ಮಟ್ಟಕ್ಕೆ ಆಯಿಲ್ ತುಂಬಿ. ಡೀಸೆಲ್ ಚಿಮ್ಮಿಸುವ ನಾಝಲ್ ಮೂರನ್ನೂ ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ, ಹನಿ ಹನಿ ಸುರಿಯುವ ನಾಝಲ್ ಹೊಸ ಪಿಸ್ಟನ್ ತಲೆಯನ್ನೇ ಸುಡುತ್ತೆ.

ಗಾಡಿ ರೆಡಿ ಆದ ಮೇಲೆ ಐಡ್ಲಿಂಗ್‌ನಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ರಿಂಗ್ ಕೂರಲ್ಲ, ಲೈನರ್ ಗಾಜಿನ ಥರ ನುಣುಪಾಗಿಬಿಡುತ್ತೆ. ಹಗುರ ಕೆಲಸಕ್ಕೆ ಹಾಕಿ, ಖಾಲಿ ಟ್ರೈಲರ್ ಎಳೆಸಿ, ಆಮೇಲೆ ನಿಧಾನಕ್ಕೆ ಲೋಡ್ ಏರಿಸಿ. ಮೊದಲ ಆಯಿಲನ್ನ 50 ಗಂಟೆಗೇ ಬದಲಾಯಿಸಿ. ಕೇಜ್ ವೀಲ್ ಹಾಕಿ ಗದ್ದೆಗೆ ಇಳಿಸೋದು ಅದಾದ ಮೇಲೆ.

ಪಾಂಡವಪುರ ಗದ್ದೆ:
ಸರಿ ಅಣ್ಣ. ಕ್ರ್ಯಾಂಕು, ಬ್ಲಾಕು ಎರಡೂ ನಾಳೆ ಲೇತಿಗೆ ಹೋಗುತ್ತೆ. ಅಳತೆ ಚೀಟಿ ಕೈಗೆ ಬಂದ ಮೇಲೇ ಅಂಗಡಿಗೆ. ಹಿಂದಿನ ಸೀಲ್ ನೋಡಿದೆ, ಹಗ್ಗದ್ದೇ ಇದೆ.