ಹಳೆಯ ಸ್ಟೆಂಟ್ ನೋಡಲು ಓಸಿಟಿ ಅಗತ್ಯವೇ?

ಪ್ರಶ್ನೆ, ಗದಗದಿಂದ:
ನಮ್ಮ ತಂದೆಯವರಿಗೆ ಎರಡು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿಸಿದ್ದೆವು. ಈಗ ಮತ್ತೆ ಎದೆನೋವು ಕಾಣಿಸಿಕೊಂಡಿದ್ದು, ಆಂಜಿಯೋಗ್ರಾಮ್ ಜೊತೆಗೆ ಓಸಿಟಿ ಎಂಬ, ರಕ್ತನಾಳದೊಳಗಿನ ಚಿತ್ರ ತೆಗೆಯುವ ಪರೀಕ್ಷೆಯನ್ನೂ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಆಂಜಿಯೋಗ್ರಾಮಿನಲ್ಲಿ ಕಾಣದ್ದು ಇದರಲ್ಲಿ ಏನು ಕಾಣುತ್ತದೆ?

ಉತ್ತರ, ಧಾರವಾಡದಿಂದ:
ನಾನು ಆಂಜಿಯೋಗ್ರಾಮ್ ಮಾಡುವ, ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬಿನಲ್ಲಿ ತಂತ್ರಜ್ಞ. ಆಂಜಿಯೋಗ್ರಾಮ್ ತೋರಿಸುವುದು ನಾಳದೊಳಗೆ ಹರಿಯುವ ಡೈನ (ಎಕ್ಸ್‌ರೇಯಲ್ಲಿ ಕಾಣುವ ದ್ರವದ) ನೆರಳನ್ನು ಮಾತ್ರ, ಗೋಡೆಯನ್ನಲ್ಲ. ಓಸಿಟಿಯಲ್ಲಿ ತೆಳುವಾದ ಕ್ಯಾತಿಟರ್ (ನಾಳದೊಳಗೆ ತೂರಿಸುವ ಕೊಳವೆ) ಮೂಲಕ ಸುಮಾರು 1300 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಬೆಳಕನ್ನು ಬಿಟ್ಟು, ಮರಳಿ ಬಂದ ಬೆಳಕಿನಿಂದ ಚಿತ್ರ ರೂಪಿಸಲಾಗುತ್ತದೆ. ರಕ್ತವು ಬೆಳಕನ್ನು ಚದುರಿಸುವುದರಿಂದ, ಡೈ ಹಾಯಿಸಿ ರಕ್ತವನ್ನು ಕೆಲವೇ ಸೆಕೆಂಡು ಸರಿಸಿ, ಅಷ್ಟರೊಳಗೆ ಚಿತ್ರ ತೆಗೆದು ಮುಗಿಸಬೇಕು. 10ರಿಂದ 20 ಮೈಕ್ರೋಮೀಟರಿನಷ್ಟು ಸೂಕ್ಷ್ಮ ವಿವರ ಸಿಗುವ ಕಾರಣ ಲೋಹದ ಸ್ಟೆಂಟಿನ ಒಂದೊಂದು ಎಳೆಯೂ ಪರದೆಯ ಮೇಲೆ ಹೊಳೆಯುವ ಚುಕ್ಕೆಯಾಗಿ, ಬೆನ್ನಿಗೆ ಕಪ್ಪು ನೆರಳಿನೊಂದಿಗೆ ಕಾಣುತ್ತದೆ. ಸ್ಟೆಂಟ್ ಪೂರ್ತಿ ಅರಳಿದೆಯೇ, ಗೋಡೆಗೆ ಕೂತಿದೆಯೇ, ಒಳಗೆ ಹೊಸ ಅಂಗಾಂಶ ಬೆಳೆದಿದೆಯೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದೆ ಬಲೂನಿನಿಂದ ಹಿಗ್ಗಿಸುವುದೋ ಮತ್ತೊಂದು ಸ್ಟೆಂಟೋ ಎಂಬ ತೀರ್ಮಾನವೂ ಅದನ್ನೇ ಅವಲಂಬಿಸುತ್ತದೆ.

ಉತ್ತರ, ಹಾವೇರಿಯಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ಇದು ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. 2023ರಲ್ಲಿ ಪ್ರಕಟವಾದ ‘ಆಕ್ಟೋಬರ್’ ಎಂಬ ಹೆಸರಿನ ಅಧ್ಯಯನದಲ್ಲಿ ನಾಳ ಕವಲೊಡೆಯುವ ಜಾಗದ ಕ್ಲಿಷ್ಟ ಚಿಕಿತ್ಸೆಗೆ ಓಸಿಟಿ ಲಾಭ ತಂದಿತು. ಅದೇ ವರ್ಷದ ‘ಇಲ್ಯೂಮಿಯನ್ 4’ ಎಂಬ ಇನ್ನೊಂದು ಅಧ್ಯಯನದಲ್ಲಿ ಓಸಿಟಿಯಿಂದ ಸ್ಟೆಂಟ್ ಹೆಚ್ಚು ಅಗಲವಾಗಿ ಅರಳಿದರೂ ಎರಡು ವರ್ಷಗಳ ಮುಖ್ಯ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ವರದಿಯನ್ನು ಮೊದಲೇ ತೋರಿಸಿರಿ, ಏಕೆಂದರೆ ಡೈ ಹೆಚ್ಚಾದಷ್ಟೂ ಮೂತ್ರಪಿಂಡಕ್ಕೆ ಹೊರೆ.

ಗದಗದಿಂದ:
ಕ್ರಿಯಾಟಿನಿನ್ 1.6 ಇದೆ. ಸೋಮವಾರ ವರದಿಯೊಂದಿಗೆ ವೈದ್ಯರನ್ನು ಕಾಣುತ್ತೇವೆ.