ದೆಹಲಿ ನೋಂದಣಿಯ ಹಳೆಯ ಮರ್ಸಿಡಿಸ್ ಎ-ಕ್ಲಾಸ್: ಕೊಳ್ಳಬಹುದೇ, ಖರ್ಚೆಷ್ಟು?

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಸರ್. ಬೆಂಗಳೂರಿನ ಡೀಲರ್ ಒಬ್ಬರ ಬಳಿ 2014ರ ಎ 180 ಸಿಡಿಐ ಡೀಸೆಲ್ ಕಾರೊಂದು ಮಾರಾಟಕ್ಕಿದೆ. ಅದು ದೆಹಲಿ ನೋಂದಣಿಯ ಗಾಡಿ. ಮೀಟರ್ 68,000 ಕಿ.ಮೀ. ತೋರಿಸುತ್ತಿದೆ. ಏಳು ಲಕ್ಷ ಕೇಳುತ್ತಿದ್ದಾರೆ. ಸರ್ವಿಸ್ ದಾಖಲೆ 2019ರವರೆಗೆ ಮಾತ್ರ ಇದೆ. ಈ ಕಾರಿನಲ್ಲಿ ಸಾಮಾನ್ಯವಾಗಿ ಬರುವ ತೊಂದರೆಗಳು ಯಾವುವು, ಕೈಯಲ್ಲಿ ಎಷ್ಟು ಹಣ ಇಟ್ಟುಕೊಂಡಿರಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ಗ್ಯಾರೇಜ್ ತಜ್ಞರು): ನಮಸ್ಕಾರ. 2013ರಲ್ಲಿ ಭಾರತಕ್ಕೆ ಬಂದಾಗ ಸುಮಾರು 22 ಲಕ್ಷ ಬೆಲೆಯಿದ್ದ ಕಾರು ಇದು. ಕೊಳ್ಳುವ ಬೆಲೆ ಇಳಿದಿದ್ದರೂ ಬಿಡಿಭಾಗಗಳ ಬೆಲೆ 22 ಲಕ್ಷದ ಕಾರಿನದ್ದೇ ಆಗಿರುತ್ತದೆ ಎಂಬುದನ್ನು ಮರೆಯಬೇಡಿ. ನಾನು ಹೇಳುವ ಮೊತ್ತಗಳೆಲ್ಲ ಬೆಂಗಳೂರಿನಲ್ಲಿರುವ, ಕಂಪನಿಯದಲ್ಲದ ಗ್ಯಾರೇಜುಗಳ ಅಂದಾಜು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಇದಕ್ಕಿಂತ ಹೆಚ್ಚಾಗುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸ್. ಇದರಲ್ಲಿರುವುದು ಎರಡು ಕ್ಲಚ್‌ಗಳ ಏಳು ಗೇರಿನ ಆಟೊಮ್ಯಾಟಿಕ್. ಆ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿಯೇ ಕೆಲಸ ಮಾಡುವುದರಿಂದ ಅವು ಸವೆದ ಪುಡಿ ಅದೇ ಆಯಿಲ್‌ನಲ್ಲಿ ಸೇರುತ್ತಾ ಹೋಗುತ್ತದೆ. ಆಯಿಲ್ ಮತ್ತು ಫಿಲ್ಟರ್‌ಗಳನ್ನು 50ರಿಂದ 60 ಸಾವಿರ ಕಿ.ಮೀ.ಗೊಮ್ಮೆ ಬದಲಿಸದಿದ್ದರೆ ಆ ಕೊಳೆ ನೇರವಾಗಿ ಗೇರ್ ಬದಲಿಸುವ ವಾಲ್ವ್‌ಗಳಿಗೆ ತಲುಪುತ್ತದೆ. ಬದಲಿಸಲು 25ರಿಂದ 40 ಸಾವಿರ ರೂಪಾಯಿ ಸಾಕು. ಬದಲಿಸದೆ ಗೇರ್‌ಬಾಕ್ಸಿನ ನಿಯಂತ್ರಣ ಘಟಕವೇ ಕೆಟ್ಟರೆ ಒಂದೂವರೆ ಲಕ್ಷ ದಾಟುವುದು ಸಾಮಾನ್ಯ. ನಿಮ್ಮ ಗಾಡಿಯ ದಾಖಲೆ 2019ಕ್ಕೇ ನಿಂತಿರುವುದರಿಂದ, ಆಯಿಲ್ ಬದಲಿಸಿದ ಬಿಲ್ಲನ್ನು ಡೀಲರ್ ತೋರಿಸುವವರೆಗೂ ಬದಲಿಸಿಲ್ಲವೆಂದೇ ಭಾವಿಸಿ ಚೌಕಾಸಿ ಮಾಡಿ.

ಪರೀಕ್ಷಿಸುವ ವಿಧಾನ ಸರಳ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ ಹೊರಡಿ. ಬ್ರೇಕ್ ಒತ್ತಿ ಹಿಡಿದು ‘ಡಿ’ಯಿಂದ ‘ಆರ್’ಗೆ, ಮತ್ತೆ ‘ಡಿ’ಗೆ ಹಾಕಿ, ತಡವಾಗಿಯೋ ದಡಕ್ಕೆಂದೋ ಗೇರ್ ಬಿದ್ದರೆ ಅನುಮಾನ ಪಡಿ. ಬಳಿಕ ನೆಲಮಾಳಿಗೆಯ ಪಾರ್ಕಿಂಗ್‌ನ ಇಳಿಜಾರನ್ನು ಆಮೆಯ ವೇಗದಲ್ಲಿ, ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಒತ್ತುತ್ತಾ ಹತ್ತಿಸಿ. ಅಲ್ಲಿ ಗಾಡಿ ನಡುಗಿದರೆ ಕ್ಲಚ್ ಸವೆದಿರುವ ಸಾಧ್ಯತೆ ಹೆಚ್ಚು. ನೇರ ರಸ್ತೆಯಲ್ಲಿ ಡೀಲರ್ ಜೊತೆ ಸುತ್ತಾಡಿದರೆ ಇದು ಗೊತ್ತೇ ಆಗುವುದಿಲ್ಲ.

ಎರಡನೆಯದು ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಈ 2.1 ಲೀಟರ್ ಡೀಸೆಲ್ ಎಂಜಿನ್ ಗಟ್ಟಿಯಾದದ್ದೇ. ಆದರೆ ಅದರ ವಾಟರ್ ಪಂಪ್ ಸೋರುವುದು ಹಳೆಯ ಕಥೆ. ಪಂಪಿನ ಸುತ್ತ ಒಣಗಿದ ಉಪ್ಪಿನಂಥ ಕಲೆ ಕಂಡರೆ 25ರಿಂದ 45 ಸಾವಿರ ಎತ್ತಿಡಿ. ಇಜಿಆರ್‌ನಲ್ಲಿ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಮಸಿ ಕಟ್ಟುವುದು, ಎಂಜಿನ್ನನ್ನು ಹಿಡಿದಿಡುವ ಮೌಂಟ್ ಕುಸಿಯುವುದು, ಮುಂದಿನ ಸಸ್ಪೆನ್ಷನ್‌ನ ಲೋವರ್ ಆರ್ಮ್‌ನಲ್ಲಿರುವ ರಬ್ಬರ್ ಬುಷ್ ಹೋಗುವುದು ಇವೆಲ್ಲ ಈ ವಯಸ್ಸಿಗೆ ಸಹಜ. ಒಂದೊಂದಕ್ಕೂ 15ರಿಂದ 40 ಸಾವಿರದ ನಡುವೆ ಬೀಳುತ್ತದೆ.

ಮರುಪ್ರಶ್ನೆ: ಮೀಟರ್ ತಿರುಚಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ ಸರ್? ದೆಹಲಿ ಗಾಡಿ ಆಗಿರುವುದರಿಂದ ತೊಂದರೆ ಏನಾದರೂ ಇದೆಯೇ?

ಉತ್ತರ: ಕಂಪನಿಯ ಸ್ಕ್ಯಾನರ್ ಹಾಕಿಸಿ. ಹಳೆಯ ದೋಷಗಳು ದಾಖಲಾಗಿದ್ದರೆ ಅವು ಎಷ್ಟು ಕಿ.ಮೀ. ಓಡಿದಾಗ ಬಂದವು ಎಂಬುದೂ ಅಲ್ಲಿರುತ್ತದೆ. ಡ್ಯಾಷ್‌ಬೋರ್ಡ್ 68,000 ಎನ್ನುತ್ತಿದ್ದು, ಒಳಗಿನ ದೋಷವೊಂದು 1,10,000ದಲ್ಲಿ ಬಂದಿದ್ದಾಗಿ ತೋರಿಸಿದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ.

ಬೆಲೆ ಅಗ್ಗವಾಗಿರುವುದಕ್ಕೆ ದೆಹಲಿಯೂ ಕಾರಣ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿದ ಮೇಲೆ ಇಂಥ ಕಾರುಗಳು ದಕ್ಷಿಣದ ಕಡೆಗೆ ಹರಿದು ಬರುತ್ತಿವೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಗದಿದ್ದರೆ ಇಲ್ಲಿ ನೋಂದಣಿ ಆಗುವುದಿಲ್ಲ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಇದೆ. ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಏಳು ಲಕ್ಷದ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ದರ ಇಳಿಯುತ್ತದೆ ಅಷ್ಟೆ. ಮುಂಗಡ ಕೊಡುವ ಮೊದಲೇ ಆರ್‌ಟಿಒದಲ್ಲಿ ಮೊತ್ತವನ್ನು ಕೇಳಿಕೊಂಡು ಬನ್ನಿ. 15 ವರ್ಷ ತುಂಬಿದಾಗ, ಅಂದರೆ 2029ರಲ್ಲಿ, ನೋಂದಣಿ ನವೀಕರಣದ ಓಡಾಟವೂ ಇರುತ್ತದೆ.

ಇನ್ನೊಬ್ಬ ಸದಸ್ಯರು: ಇದರ ಬದಲು ಬಿಎಂಡಬ್ಲ್ಯು 118ಡಿ ನೋಡಬಹುದೇ?

ಉತ್ತರ: ಗೇರ್‌ಬಾಕ್ಸ್ ಒಂದನ್ನೇ ನೋಡುವುದಾದರೆ ಧಾರಾಳವಾಗಿ ನೋಡಬಹುದು. ಅದರ ಎಂಟು ಗೇರಿನ, ಝಡ್‌ಎಫ್ ಕಂಪನಿಯ ಆಟೊಮ್ಯಾಟಿಕ್ ಬಹಳ ಬಾಳಿಕೆ ಬರುವಂಥದ್ದು. ಆದರೆ ಅದರ ಟೈಮಿಂಗ್ ಚೈನ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಸರಪಳಿ) ಇರುವುದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಪಕ್ಕದಲ್ಲಿ. ಚೈನ್ ಸಡಿಲವಾಗಿ ಸದ್ದು ಮಾಡತೊಡಗಿದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಿಯೇ ಕೆಲಸ ಮಾಡಬೇಕಾಗುತ್ತದೆ. ಚೈನಿಗಿಂತ ಕೂಲಿಯೇ ಹೆಚ್ಚು. ಮರ್ಸಿಡಿಸ್‌ನಲ್ಲೂ ಚೈನ್ ಅದೇ ಕಡೆಗಿದೆ, ಆದರೆ ದೂರುಗಳು ಕಡಿಮೆ. ಬಿಎಂಡಬ್ಲ್ಯುವಿನ ಸ್ಟೆಪ್ನಿ ಇಲ್ಲದ ರನ್‌ಫ್ಲಾಟ್ ಟೈರುಗಳು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥವು) ನಮ್ಮ ಗುಂಡಿಗಳಿಗೆ ಹೇಳಿ ಮಾಡಿಸಿದವಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ಕೊನೆಯದಾಗಿ, ಮೈಸೂರಿನಲ್ಲೇ ಪರಿಚಯದ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಬಹುದೇ?

ಉತ್ತರ: ಎಂಜಿನ್ ಆಯಿಲ್, ಬ್ರೇಕ್, ಬುಷ್ ಕೆಲಸಗಳನ್ನು ಖಂಡಿತ ಮಾಡಿಸಿ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಅವರಿಂದ ಬೇಡ, ಏಕೆಂದರೆ ಅದರ ಮಟ್ಟವನ್ನು ಆಯಿಲ್ ನಿಗದಿತ ಉಷ್ಣಾಂಶದಲ್ಲಿರುವಾಗ ಸ್ಕ್ಯಾನರ್ ನೋಡಿಕೊಂಡೇ ಹೊಂದಿಸಬೇಕು. ಈ ಕಾರನ್ನೇ ಕೊಳ್ಳುವುದಾದರೆ ತೆರಿಗೆಯನ್ನು ಬಿಟ್ಟು ಕನಿಷ್ಠ ಒಂದೂವರೆ ಲಕ್ಷ ಬೇರೆಯಾಗಿ ಇಟ್ಟುಕೊಳ್ಳಿ. ಅಷ್ಟು ಹೊಂದುವುದಿಲ್ಲವಾದರೆ ಆರು ಲಕ್ಷಕ್ಕೆ ಕೊಟ್ಟರೂ ಬೇಡ.