ಸಹಾಯ ಬೇಕು: ಕ್ಲೋಜಪಿನ್ ತಗೊಳ್ಳುವ ಅಣ್ಣ ಬೀಡಿ ಬಿಡಬೇಕು ಅಂತಿದ್ದಾನೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ಅದಕ್ಕೆ ಕೊಡುವ ಕ್ಲೋಜಪಿನ್ ಮಾತ್ರೆ ಶುರುವಾದ ಮೇಲೆ ಎಷ್ಟೋ ವಾಸಿ. ದಿನಾ ಒಂದು ಕಟ್ಟು ಬೀಡಿ ಸೇದುತ್ತಾನೆ. ಈಗ ತಾನಾಗಿಯೇ ಬಿಡ್ತೀನಿ ಅಂತಿದ್ದಾನೆ. ನೆಂಟರು "ಪಾಪ, ಅವನಿಗಿರೋದು ಅದೊಂದೇ ಸುಖ, ಸುಮ್ನಿರಿ" ಅಂತಾರೆ. ನನಗಂತೂ ಆ ಮಾತು ಒಪ್ಪಿಗೆಯಿಲ್ಲ. ಅವನ ಎದೆ, ಶ್ವಾಸಕೋಶಕ್ಕೂ ಬೆಲೆ ಇದೆ ಅಲ್ವಾ?

ಭಯ ಇರುವುದು ಮಾತ್ರೆಯದು. ಹೊಗೆಯಲ್ಲಿನ ಟಾರ್‌ನಿಂದ ಲಿವರ್ ಕ್ಲೋಜಪಿನ್ ಅನ್ನು ಬೇಗ ಖಾಲಿ ಮಾಡುತ್ತದೆ. ಬೀಡಿ ನಿಂತ ಕೆಲವೇ ದಿನಗಳಲ್ಲಿ ಅದೇ ಡೋಸ್ ರಕ್ತದಲ್ಲಿ ಜಾಸ್ತಿಯಾಗುತ್ತದೆ. ವಿಪರೀತ ನಿದ್ದೆ, ಜೊಲ್ಲು, ಫಿಟ್ಸ್ ಕೂಡ ಬರಬಹುದು. ಮಾತ್ರೆಯನ್ನು ಹಾಗೆ ಬೇಗ ಖಾಲಿ ಮಾಡಿಸುವುದು ನಿಕೋಟಿನ್ ಕೆಲಸವಲ್ಲ, ಹೊಗೆಯದು. ಹಾಗಾಗಿ ನಿಕೋಟಿನ್ ಗಮ್ ಅಗಿದರೂ ಡೋಸ್ ಬದಲಾಯಿಸಬೇಕಾಗಬಹುದು. ಡಾಕ್ಟರನ್ನು ಕೇಳದೆ ಏನೂ ಮಾಡುವುದಿಲ್ಲ. ಮುಂದಿನ ವಾರ ಹೋಗುತ್ತಿದ್ದೇವೆ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಬಿಟ್ಟಿದ್ದಾರಾ? ಒಂದೇ ಸಲವಾ, ನಿಧಾನವಾಗಿಯಾ? ರಕ್ತದಲ್ಲಿ ಕ್ಲೋಜಪಿನ್ ಎಷ್ಟಿದೆ ಅನ್ನೋ ಟೆಸ್ಟ್ ದಾವಣಗೆರೆ ಸುತ್ತ ಎಲ್ಲಿ ಮಾಡುತ್ತಾರೆ? ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಇಂಥವರಿಗಾಗಿ ಫೋನ್ ಮಾಡಿದವರಿದ್ದರೆ, ಅನುಭವ ಹೇಗಿತ್ತು? ಕಾಫಿ ಕುಡಿದ ಕೂಡಲೇ ಅವನ ಕೈ ಬೆಂಕಿಪೊಟ್ಟಣಕ್ಕೆ ಹೋಗುತ್ತದೆ. ಅದಕ್ಕೇನಾದರೂ ಉಪಾಯ ಇದ್ದರೂ ಹೇಳಿ.